ಬಟ್ಟೆಯತ್ತೆ ಬಿಚ್ಚದ ಬಿಳಿ ಬಟ್ಟೆ

ಅಗಸನ ಬಡಿವಾರವೆಲ್ಲ ಹೆರರ ಬಟ್ಟೆಯ ಮೇಲೆ ಎಂದು ನಗುವವರು ನಗಲಿ. ಹೆರರ ಬಟ್ಟೆ ಒಗೆಯುವವಳಿಗೆ ಹೆರರ ಮನೆಯ ಸಂಗತಿ ಎಷ್ಟು ತಿಳಿದಿರುತ್ತದೆ ಎಂದು ಗೊತ್ತಾದರೆ ಆ ನಗು ಅರ್ಧಕ್ಕೇ ನಿಂತೀತು. ಯಾವ ಮನೆಯಲ್ಲಿ ಗಂಡ ಹೆಂಡತಿ ಬೇರೆ ಬೇರೆ ಮಲಗುತ್ತಾರೆ, ಯಾರ ಸೊಸೆಗೆ ಈ ತಿಂಗಳೂ ನಿಲ್ಲಲಿಲ್ಲ, ಯಾವ ಮುದುಕ ಹಾಸಿಗೆ ಒದ್ದೆ ಮಾಡಿಕೊಂಡು ಮೊಮ್ಮಗನ ಮೇಲೆ ಹಾಕುತ್ತಾನೆ, ಎಲ್ಲವೂ ಗಂಟು ಕಟ್ಟಿಕೊಂಡು ಯಸವತಿಯ ಬಂಡೆಗೆ ಬರುತ್ತಿತ್ತು. ಬಂದದ್ದು ಹೊಳೆಯ ನೀರಿನ ಜೊತೆ ಹೋಗುತ್ತಿತ್ತು. ಅವಳ ಬಾಯಿಂದ ಒಂದು ಮಾತೂ ಆಚೆ ಬಿದ್ದದ್ದನ್ನು ಅಕುರೆಸ್ಸ ಊರಿನ ಸುತ್ತಿನಲ್ಲಿ ಯಾರೂ ಕೇಳಿಲ್ಲ.

ಊರಿಗೆಲ್ಲ ಅವಳು ರೆದಿ ನೆಂದಾ, ಬಟ್ಟೆಯತ್ತೆ. ಅತ್ತೆ ಎಂದು ಕರೆದರೆಂದು ಕುರ್ಚಿ ಹಾಕಿ ಕೂರಿಸುತ್ತಾರೆ ಎಂದುಕೊಳ್ಳಬೇಡಿ. ದೊಡ್ಡ ಮನೆಗಳಲ್ಲಿ ಅವಳಿಗೆ ಹಿತ್ತಿಲ ಬಾಗಿಲ ಪಕ್ಕದ ಗಿಡ್ಡ ಮಣೆ. ಅವಳ ಮನೆಯಲ್ಲಿ ಆ ದೊಡ್ಡವರು ತೊಟ್ಟು ನೀರೂ ಕುಡಿಯರು. ಆದರೆ ಮನೆಯ ಹುಡುಗಿ ದೊಡ್ಡವಳಾದರೆ ಅವಳನ್ನು ಮೀಯಿಸಲು ಯಸವತಿಯೇ ಬರಬೇಕು, ಮದುವೆಯಾದರೆ ಬಿಳಿ ಬಟ್ಟೆ ನೋಡಲು ಯಸವತಿಯೇ ಬರಬೇಕು. ಸೋಪಿನ ಪುಡಿ ಬಂತು, ಒಗೆಯುವ ಮಿಷನ್ ಬಂತು, ದಿನದ ಗಂಟುಗಳು ಕಡಿಮೆಯಾದವು. ಈ ಎರಡು ಕೆಲಸಕ್ಕೆ ಮಾತ್ರ ಮಿಷನ್ ಇನ್ನೂ ಬಂದಿರಲಿಲ್ಲ.

ಚಕ್ಕೆ ವ್ಯಾಪಾರದ ಸಾಹುಕಾರ ಕರುಣಸೇನ ಮುದಲಾಳಿಯ ಮಗಳು ಇನೋಕಾ. ಒಬ್ಬಳೇ ಮಗಳು. ಹದಿನಾರು ತುಂಬುತ್ತ ಬಂದರೂ ಅವಳು ದೊಡ್ಡವಳಾಗಲಿಲ್ಲ. ಜೊತೆಯ ಹುಡುಗಿಯರೆಲ್ಲ ಕೋಣೆಯಲ್ಲಿ ಕೂತು, ಮಿಂದು, ಮಡಿಕೆ ಒಡೆದು, ಹೊಸ ಲಂಗ ಉಟ್ಟು ಬಂದಾಗಿತ್ತು. ಬೇಲಿಯಾಚೆಯ ಹೆಂಗಸರಿಗೆ ಸುಮ್ಮನಿರಲು ಆಗುತ್ತದೆಯೇ?

"ಏನ್ ಹೇಮಾ, ನಿಮ್ಮನೆ ಹಲಸಿನ ಮರ ಈ ವರ್ಷವೂ ಕಾಯಿ ಬಿಡಲಿಲ್ವಾ?"

ಇನೋಕಾಳ ತಾಯಿ ಹೇಮಾ ಇದನ್ನು ಕೇಳಿ ಕೇಳಿ ಸೊರಗಿದಳು. ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ಮುದಲಾಳಿಯ ಮನೆಯಿಂದ ಸುದ್ದಿ ಹೊರಟಿತು: ಇನೋಕಾ ದೊಡ್ಡವಳಾದಳು. ಹುಡುಗಿಯನ್ನು ಕೋಣೆಗೆ ಹಾಕಿದರು, ತಲೆದಿಂಬಿನ ಕೆಳಗೆ ಕತ್ತಿ ಇಟ್ಟರು, ಅಪ್ಪನ ಮುಖವೂ ಕಾಣದಂತೆ ಪರದೆ ಬಿಟ್ಟರು. ಮೊದಲು ಕಂಡ ಗಳಿಗೆ ಯಾವುದೆಂದು ಜೋಯಿಸರು ಕೇಳಿದಾಗ ಹೇಮಾ ತಡವರಿಸದೆ ಹೇಳಿದಳು. ಆ ಗಳಿಗೆಗೆ ಅವರು ಕುಂಡಲಿ ಹಾಕಿ, ಕನ್ನಡಕ ತೆಗೆದು, "ಏಳು ಮಕ್ಕಳ ತಾಯಿಯಾಗೋ ಯೋಗ, ನೋನಾ! ಇಂಥ ಜಾತಕ ನಾನು ಕಂಡಿಲ್ಲ" ಅಂದರು.

ಯಸವತಿ ಸೊಪ್ಪು ಹಾಕಿ ಕುದಿಸಿದ ನೀರಿನಲ್ಲಿ ಹುಡುಗಿಯನ್ನು ಮೀಯಿಸಿದಳು. ಬೇರೆ ಹುಡುಗಿಯರು ಆ ಹೊತ್ತಿಗೆ ನಾಚಿ ನಗುತ್ತಾರೆ, ಇಲ್ಲವೆ ಚಳಿ ಎಂದು ಕೂಗುತ್ತಾರೆ. ಇನೋಕಾ ಎರಡೂ ಮಾಡಲಿಲ್ಲ. ಮಡಿಕೆ ಒಡೆ ಎಂದಾಗ ಅದನ್ನು ಎಷ್ಟು ಜೋರಾಗಿ ನೆಲಕ್ಕೆ ಬಡಿದಳೆಂದರೆ ಒಂದು ಚೂರು ಹಾರಿ ಯಸವತಿಯ ಕಾಲಿಗೆ ತಾಗಿತು. ಮನೆ ತುಂಬ ಜನ ಹಾಲನ್ನ, ಬೆಲ್ಲ ಹಾಕಿ ಕರಿದ ಕವುಂ ತಿಂದರು. ಊರಿನ ಆಸ್ಪತ್ರೆಯ ನರ್ಸಮ್ಮನೂ ಬಂದು ತಿಂದು ಬಾಯಿ ಒರೆಸಿಕೊಂಡು ಹೋದಳು.

ಮೊದಲು ಕಂಡ ದಿನ ಹುಡುಗಿ ಉಟ್ಟಿದ್ದ ಬಟ್ಟೆ ಬಟ್ಟೆಯತ್ತೆಗೆ ಸೇರಬೇಕಾದ್ದು. ಮೀಯಿಸಿದ ಮಾರನೆಯ ದಿನ ಯಸವತಿ ಅದನ್ನು ಹೊಳೆಗೆ ಒಯ್ದು ನೀರಿಗೆ ಅದ್ದಿದಳು. ಒಣಗಿದ ರಕ್ತ ನೀರಿಗೆ ಬಿದ್ದರೆ ಕಂದಾಗಿ, ನಿಧಾನವಾಗಿ ಬಿಡುತ್ತದೆ. ಇದು ಅದ್ದಿದ ಕೂಡಲೇ ಮಿಠಾಯಿಯ ಗುಲಾಬಿ ಬಣ್ಣ ಬಿಟ್ಟಿತು. ಮೂಸಿ ನೋಡಿದಳು. ಮಣ್ಣಿನ ವಾಸನೆ.

"ಬೀಟ್‌ರೂಟ್!" ಎಂದು ಒಬ್ಬಳೇ ಗಟ್ಟಿಯಾಗಿ ನಕ್ಕಳು. ನಕ್ಕು ಮುಗಿಯುವ ಮೊದಲೇ ಮಡಿಕೆ ಬಡಿದ ಹುಡುಗಿಯ ಮುಖ ಕಣ್ಣಿಗೆ ಬಂತು. ಬಟ್ಟೆ ಒಗೆದು ಒಣಹಾಕಿ ಬಾಯಿ ಮುಚ್ಚಿಕೊಂಡಳು.

ಒಂದು ಸುಳ್ಳಿನ ಕಷ್ಟ ಇಷ್ಟೇ ಅಲ್ಲ. ಮೈನೆರೆದಿಲ್ಲವೆಂದು ಹೇಳಿದ್ದರೆ ಯಾರಾದರೂ ಡಾಕ್ಟರಿಗೆ ತೋರಿಸಿ ಅನ್ನುತ್ತಿದ್ದರು. ಈಗ ತೋರಿಸುವುದು ಹೇಗೆ? ಡಾಕ್ಟರ ಮೊದಲ ಪ್ರಶ್ನೆಯೇ ಅದು, ಪಕ್ಕದಲ್ಲಿ ನಿಂತಿರುವವಳು ಕವುಂ ತಿಂದ ನರ್ಸಮ್ಮ. ಊರ ಬಾಯಿ ಮುಚ್ಚಿಸಲು ಹೋದ ಹೇಮಾ ಮಗಳ ದಾರಿಯನ್ನೇ ಮುಚ್ಚಿಬಿಟ್ಟಳು. ನನಗೆ ಹೇಮಾಳ ಮೇಲೆ ಸಿಟ್ಟು ಬರುತ್ತದೆ, ಕೂಡಲೇ ಪಾಪವೆನಿಸುತ್ತದೆ. ಅವಳು ಪ್ರತಿ ತಿಂಗಳೂ ಮಗಳ ಹೆಸರಿನಲ್ಲಿ ಒಂದೆರಡು ಬಟ್ಟೆಗೆ ಬೀಟ್‌ರೂಟ್ ಹಚ್ಚಿ ಗಂಟಿಗೆ ಹಾಕುತ್ತಿದ್ದಳು. ಯಸವತಿ ಪ್ರತಿ ತಿಂಗಳೂ ಅದನ್ನು ಒಗೆದು, ಮಡಚಿ ಕೊಡುತ್ತಿದ್ದಳು. ಇಬ್ಬರಿಗೂ ಗೊತ್ತು, ಇಬ್ಬರೂ ಆಡಲಿಲ್ಲ. ಹೀಗೆ ಏಳು ವರ್ಷ ಹೋಯಿತು.

ಇನೋಕಾ ಮನೆಯಲ್ಲೇ ಹೊಲಿಗೆ ಮಿಷನ್ ಇಟ್ಟುಕೊಂಡು ಶಾಲೆ ಮಕ್ಕಳ ಬಿಳಿ ಗೌನು ಹೊಲಿಯುತ್ತಿದ್ದಳು. ನೋಡಲು ಚೆಲುವೆ, ಮೈಕಟ್ಟಿನಲ್ಲಿ ಯಾರಿಗೂ ಏನೂ ಗೊತ್ತಾಗದು. ವೆಲಿಗಮದಿಂದ ಒಂದು ಸಂಬಂಧ ಬಂತು. ಹುಡುಗ ಉಪುಲ್, ದೋಣಿ ಎಂಜಿನ್ ರಿಪೇರಿ ಮಾಡುವವನು. ಏಳು ಮಕ್ಕಳ ಜಾತಕ ಕಂಡು ಹುಡುಗನ ತಾಯಿ ಹಿಗ್ಗಿ ಹೀರೇಕಾಯಿಯಾದಳು. ಉಪುಲ್ ಎರಡು ಸಲ ಬಂದು ಹೋದ. ಎರಡನೆಯ ಸಲ ನಿಂತುಹೋಗಿದ್ದ ಹೊಲಿಗೆ ಮಿಷನ್ನನ್ನು ಬಿಚ್ಚಿ, ಎಣ್ಣೆ ಬಿಟ್ಟು, ಕೈಯೆಲ್ಲ ಕಪ್ಪು ಮಾಡಿಕೊಂಡು ಸರಿಮಾಡಿಕೊಟ್ಟ. ಇನೋಕಾಗೆ ಹುಡುಗ ಇಷ್ಟವಾದ. ಕಷ್ಟ ಶುರುವಾದದ್ದೇ ಅಲ್ಲಿಂದ.

ಒಂದು ಮಧ್ಯಾಹ್ನ ಅವಳು ಕೊಡೆ ಹಿಡಿದು ಒಬ್ಬಳೇ ಹೊಳೆಗೆ ಬಂದಳು. ಯಸವತಿ ಮೊಣಕಾಲ ನೀರಿನಲ್ಲಿ ನಿಂತು ಹೊದಿಕೆ ಹಿಂಡುತ್ತಿದ್ದಳು.

"ಚಿಕ್ಕ ನೋನಾ, ಇಲ್ಲಿಗ್ಯಾಕೆ ಬಂದ್ರಿ? ಜಾರುತ್ತೆ."

"ನೆಂದಾ, ನಿನಗೆ ಗೊತ್ತಲ್ವಾ?"

ಯಸವತಿ ಹಿಂಡುವುದನ್ನು ನಿಲ್ಲಿಸಲಿಲ್ಲ. "ಏನು ಗೊತ್ತು?"

"ನನ್ನ ಬಟ್ಟೆ ಒಗೆಯೋಳು ನೀನು."

"ಗೊತ್ತು ಮಗಳೇ" ಅಂದಳು ಯಸವತಿ. ಮಗಳೇ ಎಂದು ಬಾಯಿ ತಪ್ಪಿ ಬಂದದ್ದು ಅವಳಿಗೇ ಆಮೇಲೆ ತಿಳಿಯಿತು.

ಇನೋಕಾ ಬಂಡೆಯ ಮೇಲೆ ಕುಸಿದು ಕೂತು ಅತ್ತಳು. "ಅದು ಬರಲ್ಲ ಅನ್ನೋದೊಂದೇ ಅಲ್ಲ ನೆಂದಾ. ಅಲ್ಲಿ ದಾರೀನೇ ಇಲ್ಲ. ನಾನೇ ನೋಡ್ಕೊಂಡಿದೀನಿ. ಅಮ್ಮ ಹೇಳ್ತಾಳೆ, ಮದುವೆ ಆಗ್ಲಿ, ಆಮೇಲೆ ಎಲ್ಲ ಸರಿಹೋಗುತ್ತೆ ಅಂತ. ಮದುವೆ ರಾತ್ರಿ ಅವನಿಗೆ ಏನು ಹೇಳ್ಲಿ? ನಾನು ಹೆಣ್ಣೇ ಅಲ್ವಾ?"

ಯಸವತಿ ಹೊದಿಕೆಯನ್ನು ಬುಟ್ಟಿಗೆ ಹಾಕಿ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಅವಳ ತಲೆ ಹಿಡಿದಳು. ಆ ಮನೆಯವರನ್ನು ಮೀಯಿಸುವಾಗ ಬಿಟ್ಟರೆ ಅವಳು ಮುಟ್ಟುವಂತಿರಲಿಲ್ಲ. "ಹೆಣ್ಣಲ್ಲದೆ ಮತ್ತೇನು? ನಿನ್ನ ಅಮ್ಮನಿಗಿಂತ ಚೆನ್ನಾಗಿ ಅಳ್ತೀಯ. ಏಳು, ನಾಡಿದ್ದು ಪಟ್ಟಣದ ದೊಡ್ಡಾಸ್ಪತ್ರೆಗೆ ಹೋಗೋಣ. ಅಲ್ಲಿ ನಿಮ್ಮ ಕವುಂ ತಿಂದೋರು ಯಾರೂ ಇಲ್ಲ."

ಕತರಗಾಮದ ದೇವರಿಗೆ ಹರಕೆ ಎಂದು ಮನೆಯಲ್ಲಿ ಹೇಳಿ ಇಬ್ಬರೂ ಬಸ್ಸು ಹತ್ತಿದರು. ಸುಳ್ಳಿನ ಮನೆಯಿಂದ ಹೊರಗೆ ಬರುವುದಕ್ಕೂ ಒಂದು ಸುಳ್ಳೇ ಬೇಕಾಯಿತು.

ಅಲ್ಲಿನ ಡಾಕ್ಟರ್ ಮಿಸ್ ನೆರೆಗೂದಲಿನ ಹೆಂಗಸು, ಮಾತು ನೇರ. ಪರೀಕ್ಷೆ ಮಾಡಿ, ಹೊಟ್ಟೆಯ ಸ್ಕ್ಯಾನ್ ತೆಗೆಸಿ, ಇನೋಕಾಳನ್ನು ಎದುರಿಗೆ ಕೂರಿಸಿಕೊಂಡರು.

"ಹುಟ್ಟುವಾಗ್ಲೇ ಹೀಗೆ ಮಗೂ. ಗರ್ಭಕೋಶ ಬೆಳೆದಿಲ್ಲ, ಯೋನಿಯೂ ಬೆಳೆದಿಲ್ಲ. ಅಂಡಾಶಯ ಎರಡೂ ಸರಿಯಾಗಿವೆ, ನೀನು ಪೂರಾ ಹೆಣ್ಣೇ. ಯಾರ ಶಾಪವೂ ಅಲ್ಲ, ಯಾರ ತಪ್ಪೂ ಅಲ್ಲ. ನಿನ್ನ ಹಾಗಿರೋರನ್ನ ನಾನು ತುಂಬ ಜನರನ್ನ ನೋಡಿದೀನಿ. ಎಲ್ಲರೂ ಲೋಕದಲ್ಲಿ ತಾನೊಬ್ಬಳೇ ಅಂದ್ಕೊಂಡೇ ಬರ್ತಾರೆ."

"ಸರಿ ಮಾಡೋಕೆ ಆಗುತ್ತಾ, ಮಿಸ್?"

"ಮುಟ್ಟು ಬರಲ್ಲ, ಹೆರೋಕೆ ಆಗಲ್ಲ. ಆಪರೇಷನ್ ಆದ್ಮೇಲೂ ಅಷ್ಟೇ, ಅದನ್ನ ಈಗ್ಲೇ ಹೇಳ್ಬಿಡ್ತೀನಿ. ಗಂಡನ ಜೊತೆ ಬಾಳೋಕೆ ಒಂದು ದಾರಿ ಮಾಡಿಕೊಡಬಹುದು. ಕೆಲವರಿಗೆ ಕತ್ತಿ ಮುಟ್ಟಿಸದೆ, ದಿನಾ ಸ್ವಲ್ಪ ಸ್ವಲ್ಪ ಒತ್ತಿ ಹಿಗ್ಗಿಸಿದ್ರೂ ಸಾಕಾಗುತ್ತೆ. ಮೊದಲು ಅದನ್ನ ನೋಡೋಣ. ಯಾರೋ ಬಲವಂತ ಮಾಡ್ತಾರೆ ಅಂತ ಮಾಡಿಸ್ಕೋಬೇಡ. ನಿನಗೆ ಬೇಕು ಅನ್ನಿಸಿದ್ರೆ ಮಾತ್ರ ಬಾ."

ಕೆಲವು ತಿಂಗಳು ಅದನ್ನು ಪ್ರಯತ್ನಿಸಿದ್ದಾಯಿತು. ಇನೋಕಾಗೆ ನೋವು ಸಿಕ್ಕಿತೇ ಹೊರತು ಗುಣ ಸಿಗಲಿಲ್ಲ. ಆಪರೇಷನ್ನಿಗೆ ದಿನ ಗೊತ್ತಾದ ಮೇಲೆ ಅವಳು ಉಪುಲ್‌ಗೆ ಹೇಳಿಕಳಿಸಿದಳು. ಅವನು ಯಸವತಿಯ ಮನೆಯಂಗಳಕ್ಕೆ ಬಂದ. ಇನೋಕಾ ಎಲ್ಲವನ್ನೂ ಹೇಳಿದಳು: ಬೀಟ್‌ರೂಟು, ಜಾತಕ, ಏಳು ಮಕ್ಕಳು, ಎಲ್ಲವನ್ನೂ. ಅವನು ಕೇಳುತ್ತ ಕೇಳುತ್ತ ಎರಡೂ ಅಂಗೈಗಳನ್ನು ನೋಡಿಕೊಂಡು ಕೂತ.

"ನನಗೇನೂ ಹೊಳೀತಿಲ್ಲ" ಅಂದ ಕೊನೆಗೆ. ಎದ್ದು ಹೋದ. ವಾರ ಕಳೆಯಿತು, ತಿಂಗಳು ಕಳೆಯಿತು, ಅವನ ಸುಳಿವಿಲ್ಲ.

"ಅವನು ಬರದಿದ್ರೆ?" ಎಂದು ಯಸವತಿ, ಮತ್ತೆ ಹರಕೆಯ ನೆಪ ಹೇಳಿ ಆಪರೇಷನ್ನಿಗೆ ಹೊರಟ ದಿನ ಬಸ್ಸಿನಲ್ಲಿ ಕೇಳಿದಳು.

"ಬರದಿದ್ರೆ ಅಳ್ತೀನಿ. ಆಪರೇಷನ್ ಮಾತ್ರ ಬಿಡಲ್ಲ. ಈ ಮೈ ನನಗೂ ಬೇಕು ನೆಂದಾ."

ಹೊಸದಾಗಿ ಮಾಡುವ ದಾರಿಗೆ ಒಳಪದರ ಬೇಕಲ್ಲ. ಅಂದು ಬೆಳಗ್ಗೆ ಅದೇ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ಹೆರಿಗೆಯಾದ ಒಬ್ಬ ತಾಯಿಯ ಮಾಸಿನಿಂದ, ಮಗು ಸುತ್ತಿಕೊಂಡಿರುವ ತೆಳು ಪೊರೆಯನ್ನು ಬಿಡಿಸಿ, ತೊಳೆದು, ಅಚ್ಚೊಂದರ ಮೇಲೆ ಹೊದಿಸಿ ಒಳಗಿಡುತ್ತಾರೆ ಎಂದು ಡಾಕ್ಟರ್ ಮಿಸ್ ವಿವರಿಸಿದರು. ಆ ತಾಯಿಯ ರಕ್ತ ಪರೀಕ್ಷೆಯಾಗಿದೆ, ಅವಳ ಒಪ್ಪಿಗೆಯೂ ಸಿಕ್ಕಿದೆ ಎಂದರು. ಕೇಳುತ್ತಿದ್ದ ಯಸವತಿ ಬೆರಗಾದಳು. ಮನೆಯಲ್ಲೇ ಹೆರಿಗೆಯಾಗುತ್ತಿದ್ದ ಕಾಲದಲ್ಲಿ ಬಾಣಂತಿಯ ಬಟ್ಟೆಯ ಜೊತೆ ಮಾಸನ್ನೂ ಅವಳೇ ಒಯ್ದು ತೆಂಗಿನ ಸಸಿಯ ಬುಡದಲ್ಲಿ ಹೂಳುತ್ತಿದ್ದಳು.

"ಎಷ್ಟೊಂದು ಹೂಳ್ಬಿಟ್ಟೆನಲ್ಲ ಮಿಸ್" ಅಂದಳು.

"ತೆಂಗು ಚೆನ್ನಾಗಿ ಬಂತೋ ಇಲ್ವೋ?" ಎಂದು ಅವರು ನಕ್ಕರು.

ಆಪರೇಷನ್ ಆಯಿತು. ಇನೋಕಾ ವಾರವಿಡೀ ಅಲುಗಾಡದೆ ಮಲಗಬೇಕಾಯಿತು. ಮೊದಲ ಸಲ ಅಚ್ಚು ಬದಲಾಯಿಸಿದ ದಿನ ಅವಳು ಯಸವತಿಯ ಮುಂಗೈಯನ್ನು ಉಗುರು ಇಳಿಯುವಂತೆ ಹಿಡಿದುಕೊಂಡಿದ್ದಳು. ಮುಗಿದ ಮೇಲೆ ನರ್ಸ್ ಆಚೆ ಹೋದಳು. ಮನೆಯಿಂದ ತಂದ ಹಳೆಯ ಬಟ್ಟೆಯ ಮೇಲೆ ಅಂಗೈಯಗಲ ರಕ್ತವಿತ್ತು. ಇನೋಕಾ ಅದನ್ನು ನೋಡಿದಳು. ಬೆವರಿಗೆ ಕೂದಲು ಹಣೆಗೆ ಅಂಟಿತ್ತು.

"ನೆಂದಾ, ಇದೂ ಬೀಟ್‌ರೂಟಾ?"

ಇಬ್ಬರೂ ನಕ್ಕರು. ನಕ್ಕರೆ ಹೊಲಿಗೆ ಎಳೆಯುತ್ತದೆಂದು ಇನೋಕಾ ಅಳುತ್ತ ನಕ್ಕಳು. ಯಸವತಿ ಆ ಬಟ್ಟೆಯನ್ನು ವಾರ್ಡಿನ ಹಿಂದಿನ ನಲ್ಲಿಗೆ ಒಯ್ದಳು. ತಣ್ಣೀರಿನಲ್ಲಿ ನೆನೆಹಾಕಿ, ಉಪ್ಪು ತಿಕ್ಕಿ, ಕಂದು ನೀರು ತಿಳಿಯಾಗುವವರೆಗೆ ಒಗೆದಳು. ಆಯುಸ್ಸಿನಲ್ಲಿ ಎಷ್ಟೋ ರಕ್ತ ಒಗೆದಿದ್ದಳು. ಕಣ್ಣೀರು ಹಾಕಿಕೊಂಡು ಒಗೆದದ್ದು ಇದೊಂದನ್ನೇ.

ವಾಪಸು ಬರುವಷ್ಟರಲ್ಲಿ ಹೇಮಾ ವಾರ್ಡಿನ ಬಾಗಿಲಲ್ಲಿ ನಿಂತಿದ್ದಳು. ಕತರಗಾಮದ ಹರಕೆ ಇಷ್ಟು ದಿನ ನಡೆಯುವುದಿಲ್ಲವೆಂದು ಅವಳಿಗೆ ಕೊನೆಗೂ ಹೊಳೆದಿತ್ತು, ಇಬ್ಬರೂ ಪಟ್ಟಣದ ಬಸ್ಸು ಹತ್ತಿದ್ದನ್ನು ಕಂಡವರು ಹೇಳಿದ್ದರು.

"ನನ್ನ ಮಾನವನ್ನೆಲ್ಲ ಹೊಳೆಗೆ ಹಾಕಿದೆಯಲ್ಲೇ ಅಗಸಗಿತ್ತಿ!"

"ನೋನಾ, ಹೊಳೆಗೆ ಹಾಕಿದ್ದನ್ನ ಒಗೆದು ವಾಪಸ್ ಕೊಡೋದೇ ನಮ್ಮ ಕಸುಬು" ಅಂದಳು ಯಸವತಿ. "ಒಳಗೆ ಹೋಗಿ. ಮಗಳು ನಿಮ್ಮನ್ನೇ ಕೇಳ್ತಿದ್ಲು."

ಹೇಮಾ ಒಳಗೆ ಹೋದಳು. ಏನು ಮಾತಾಡಿದರೋ ಯಸವತಿ ಕೇಳಿಸಿಕೊಳ್ಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಇಣುಕಿದಾಗ ಹೇಮಾ ಮಗಳ ಪಾದ ಹಿಡಿದುಕೊಂಡು, ಹಾಸಿಗೆಯ ತುದಿಯಲ್ಲಿ ತಲೆ ತಗ್ಗಿಸಿ ಕೂತಿದ್ದಳು.

ಇನೋಕಾಳನ್ನು ಮನೆಗೆ ಕಳಿಸುವ ಹಿಂದಿನ ದಿನ, ನೋಡುವವರನ್ನು ಒಳಗೆ ಬಿಡುವ ಹೊತ್ತಿನಲ್ಲಿ ಉಪುಲ್ ಬಂದ. ಎರಡೂ ಕೈಯಲ್ಲಿ ಕೆಂಪು ಎಳನೀರು. ಹೆಂಗಸರ ವಾರ್ಡಿನಲ್ಲಿ ಕಣ್ಣು ಎಲ್ಲಿಡುವುದೆಂದು ತಿಳಿಯದೆ ಎಳನೀರನ್ನೇ ನೋಡುತ್ತ ನಿಂತ.

"ನೋವಿದೆಯಾ?"

"ಇದೆ."

"ಅಮ್ಮನಿಗೆ ಏನೂ ಹೇಳಿಲ್ಲ, ಹೇಳೋದೂ ಇಲ್ಲ. ಮಕ್ಕಳ ಮಾತು ಯೋಚಿಸ್ತಾ ಯೋಚಿಸ್ತಾ ತಿಂಗಳಾಯ್ತು. ನನ್ನಕ್ಕ ನಾಲ್ಕು ಹೆತ್ತಿದಾಳೆ. ಒಂದು ಕೊಡು ಅಂದ್ರೆ ಎರಡು ಕೊಡ್ತಾಳೆ, ಅವಳಿಗೆ ಅಷ್ಟು ಸಾಕಾಗಿದೆ." ಆಮೇಲೆ ದನಿ ಇಳಿಸಿ, "ತಡವಾಗಿ ಬಂದೆ. ಬೇಜಾರು ಮಾಡ್ಕೋಬೇಡ."

"ಎಳನೀರು ಕೆತ್ತೋಕೆ ಕತ್ತಿ ತಂದಿದೀಯಾ?" ಎಂದಳು ಇನೋಕಾ. ತಂದಿರಲಿಲ್ಲ. ಯಸವತಿ ಕತ್ತಿ ಹುಡುಕಿಕೊಂಡು ಅಡುಗೆ ಮನೆಯ ಕಡೆ ನಡೆದಳು, ಎಷ್ಟು ನಿಧಾನವಾಗಿ ಸಾಧ್ಯವೋ ಅಷ್ಟು ನಿಧಾನವಾಗಿ.

ಅಚ್ಚು ಇಟ್ಟುಕೊಳ್ಳುವ ತಿಂಗಳುಗಳು ಸುಲಭವಾಗಿರಲಿಲ್ಲ. ಇನೋಕಾ ಮಿಷನ್ನಿನ ಮುಂದೆ ಕೂತು, ಎದ್ದು, ಮತ್ತೆ ಕೂತು ಹೇಗೋ ಕಳೆದಳು. ಡಾಕ್ಟರ್ ಮಿಸ್ ಕೊನೆಯ ಸಲ ನೋಡಿ ಎಲ್ಲ ಚೆನ್ನಾಗಿದೆ ಎಂದ ಮೇಲೆ ಮದುವೆಯಾಯಿತು.

ಮನೆ ತುಂಬಿಸಿಕೊಳ್ಳುವ ದಿನವೊಂದು ಉಳಿದಿತ್ತು. ಉಪುಲ್‌ನ ತಾಯಿ ಮಿಸಿಲಿನ್ ಹಳೆಯ ಕಾಲದವಳು. ಮದುವೆಯ ರಾತ್ರಿಗೆ ಬಿಳಿ ಬಟ್ಟೆ ಹಾಸಬೇಕು, ಬೆಳಗ್ಗೆ ಬಟ್ಟೆಯತ್ತೆ ಅದನ್ನು ಬಿಚ್ಚಿ ನೋಡಿ ಸರಿ ಅನ್ನಬೇಕು, ಆಗಲೇ ಸೊಸೆಗೆ ಕೆಂಪು ಸೀರೆ. ಇಲ್ಲದಿದ್ದರೆ ಸೀರೆಯೂ ಇಲ್ಲ, ಮರ್ಯಾದೆಯೂ ಇಲ್ಲ. ವೆಲಿಗಮದ ಅವರ ಬಟ್ಟೆಯತ್ತೆ ತೀರಿಹೋಗಿ, ಮಕ್ಕಳು ಕಸುಬು ಬಿಟ್ಟಿದ್ದರು. ಹಾಗಾಗಿ ಹೆಣ್ಣಿನ ಊರಿನ ಯಸವತಿಯನ್ನೇ ಕರೆಸಿದರು.

ಹೊಸದಾಗಿ ಮಾಡಿದ ದಾರಿಯಲ್ಲಿ ಅವರು ಹುಡುಕುವ ರಕ್ತದ ಕಲೆಗೆಲ್ಲಿ ಜಾಗ? ಹೊರಡುವಾಗ ಹೇಮಾ ಓಡಿ ಬಂದು ಯಸವತಿಯ ಚೀಲಕ್ಕೆ ಕಾಗದದ ಪೊಟ್ಟಣವೊಂದನ್ನು ತುರುಕಿದಳು. ಒಳಗೆ ಸಿಪ್ಪೆ ಹೆರೆದ ಬೀಟ್‌ರೂಟ್.

"ಇದೊಂದು ಸಲ, ಯಸವತಿ. ಕಾಲು ಹಿಡ್ಕೋತೀನಿ."

ಯಸವತಿ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಚೀಲ ತೊಡೆಯ ಮೇಲಿತ್ತು. ಹಚ್ಚಿಬಿಟ್ಟರೆ ಕ್ಷಣದ ಕೆಲಸ, ಮಿಸಿಲಿನ್‌ಗೆ ವ್ಯತ್ಯಾಸವೇ ತಿಳಿಯದು. ಆದರೆ ಹಚ್ಚಿದರೆ ಆ ಹುಡುಗಿ ಮತ್ತೆ ಹದಿನಾರಕ್ಕೇ ಹೋಗಿ, ಕೋಣೆಯಲ್ಲಿ ಪರದೆಯ ಹಿಂದೆ ಕೂತಂತೆ. ಹಚ್ಚದಿದ್ದರೆ ಇಷ್ಟು ನೋವು ತಿಂದವಳು ಎಲ್ಲರ ಮುಂದೆ ತಲೆ ತಗ್ಗಿಸಬೇಕು.

ಬೆಳಗ್ಗೆ ಮಿಸಿಲಿನ್‌ಳ ಪಡಸಾಲೆಯಲ್ಲಿ ಅಕ್ಕತಂಗಿಯರು, ನಾದಿನಿಯರು ಸೇರಿದ್ದರು. ಇನೋಕಾ ಕೋಣೆಯಿಂದ ಬಂದು ಮಡಚಿದ ಬಿಳಿ ಬಟ್ಟೆಯನ್ನು ಯಸವತಿಯ ಕೈಗೆ ಕೊಟ್ಟಳು. ಮುಖ ಬಿಳುಚಿತ್ತು, ಕಣ್ಣು ಮಾತ್ರ ತಗ್ಗಿರಲಿಲ್ಲ. ಹಿಂದೆ ಉಪುಲ್ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ.

"ಬಿಚ್ಚು" ಅಂದಳು ಮಿಸಿಲಿನ್.

ಯಸವತಿ ಬಟ್ಟೆಯನ್ನು ಮಡಚಿದಂತೆಯೇ ತನ್ನ ಗಂಟಿಗೆ ಹಾಕಿ, ಎರಡು ಗಂಟು ಬಿಗಿದಳು.

"ಏನೇ ಇದು? ಬಿಚ್ಚಿ ತೋರಿಸು ಅಂದ್ರೆ!"

"ಈ ಬಟ್ಟೆ ಬಟ್ಟೆಯತ್ತೆಗೆ ಸೇರಿದ್ದು ತಾನೇ? ನನ್ನ ಗಂಟನ್ನ ನಾನು ಯಾರಿಗೂ ಬಿಚ್ಚಿ ತೋರಿಸಿದೋಳಲ್ಲ."

"ನೀನಾದ್ರೂ ನೋಡಿ ಹೇಳಬೇಕಲ್ಲ!"

"ನಾನು ನೋಡಬೇಕಾದ್ದನ್ನ ನೋಡಿ ಆಗಿದೆ." ಯಸವತಿ ಎದ್ದು ನಿಂತಳು. ಅಂಥ ಮನೆಯ ಪಡಸಾಲೆಯಲ್ಲಿ ಅವಳು ಯಾವತ್ತೂ ದನಿ ಎತ್ತಿರಲಿಲ್ಲ. "ಈ ಮಗಳ ರಕ್ತವನ್ನ ಈ ಕೈಯಿಂದಲೇ ಒಗೆದಿದೀನಿ. ಇವಳಂಥ ಗಟ್ಟಿ ಹೆಣ್ಣನ್ನ ನಾನು ಮೀಯಿಸಿಲ್ಲ. ಬಟ್ಟೆಯತ್ತೆ ಬೇಕು ಅಂತ ಕರೆಸಿದೋರು ಬಟ್ಟೆಯತ್ತೆ ಮಾತು ಕೇಳಬೇಕು. ಕೆಂಪು ಸೀರೆ ತನ್ನಿ."

ಮಿಸಿಲಿನ್ ಮಗನ ಕಡೆ ನೋಡಿದಳು.

"ತಗೊಂಡ್ಬಾ ಅಮ್ಮ" ಅಂದ ಉಪುಲ್. "ನನ್ನ ಹೆಂಡತಿ ನಿಂತ್ಕೊಂಡಿದಾಳೆ."

ಸೀರೆ ಬಂತು. ಉಡಿಸುವಾಗ ಇನೋಕಾ ಯಸವತಿಯ ಭುಜಕ್ಕೆ ಹಣೆ ಒತ್ತಿ ನಿಂತಳು.

ಎರಡು ದಿನದ ಮೇಲೆ ಹೇಮಾ ಹೊಳೆಯ ದಂಡೆಯ ಮನೆಗೆ ಬಂದಳು. ಯಸವತಿ ಊಟಕ್ಕೆ ಕೂತಿದ್ದಳು. ಹೇಮಾ ಬಾಗಿಲಲ್ಲೇ ನಿಂತು ಸುತ್ತ ನೋಡಿದಳು. ಬಿಳಿ ಬಟ್ಟೆಯ ಗಂಟು ಮೂಲೆಯ ಪೆಟ್ಟಿಗೆಯ ಮೇಲೆ, ಕಟ್ಟಿದ್ದು ಕಟ್ಟಿದ ಹಾಗೇ ಇತ್ತು.

"ಅದನ್ನ ಒಗೀಲಿಲ್ವಾ?"

"ಬಿಚ್ಚೇ ಇಲ್ಲ ನೋನಾ. ಅದರಲ್ಲಿ ಒಗೆಯೋ ಅಂಥದ್ದು ಏನೂ ಇಲ್ಲ."

"ಮತ್ತೆ ನಾನು ಕೊಟ್ಟಿದ್ದು?"

ಯಸವತಿ ತನ್ನ ತಟ್ಟೆಯನ್ನು ತೋರಿಸಿದಳು. ಕೆಂಪಕ್ಕಿ ಅನ್ನದ ಪಕ್ಕದಲ್ಲಿ ತೆಂಗಿನ ಹಾಲು, ಮೆಣಸಿನಕಾಯಿ ಹಾಕಿ ಬೇಯಿಸಿದ ಬೀಟ್‌ರೂಟ್. "ಮೂರು ದಿನದ್ದು, ಕೆಟ್ಟು ಹೋಗುತ್ತಲ್ಲ ಅಂತ ಮಾಡಿದೆ."

ಹೇಮಾ ಚಪ್ಪಲಿ ಕಳಚಿ ಒಳಗೆ ಬಂದು, ಯಸವತಿಯ ಎದುರಿಗೆ ನೆಲದ ಮೇಲೆ ಕೂತಳು.

"ನನಗೂ ಸ್ವಲ್ಪ ಹಾಕು" ಅಂದಳು.

ಯಸವತಿ ಇನ್ನೊಂದು ತಟ್ಟೆ ತೊಳೆದು ತಂದು ಬಡಿಸಿದಳು. ಹೇಮಾ ಕೈಯಲ್ಲಿ ಕಲಸಿ ತಿಂದಳು. ಬೆರಳುಗಳೆಲ್ಲ ಕೆಂಪಾದವು. ಅವಳು ಅದನ್ನು ಒರೆಸಿಕೊಳ್ಳಲಿಲ್ಲ.